ಅಕ್ಕನಿಗೊಂದು ದುರ್ಬೀನು

ದುರ್ಬೀನಿನ ಮೈಮೇಲೆ ಎರಡು ಅಂಕಿಗಳನ್ನು ಬರೆದಿರುತ್ತಾರೆ. ಮೊದಲನೆಯದು ದೂರದ್ದನ್ನು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. ಇದನ್ನು ನಾನು ತಿಳಿದುಕೊಂಡದ್ದು ಚಿತ್ರದುರ್ಗದ ಒಂದು ಕ್ಯಾಮೆರಾ ಅಂಗಡಿಯಲ್ಲಿ, ಅಕ್ಕ ಮತ್ತು ಭಾವನ ಪಕ್ಕ ನಿಂತು. ಆದರೆ ದೂರದ್ದು ಹತ್ತಿರ ಕಾಣುವುದು ಎಂದರೇನು ಎಂಬುದು ಗೊತ್ತಾದದ್ದು ಆಮೇಲೆ, ಮಾರಿಕಣಿವೆಯ ಹಿನ್ನೀರಿನಲ್ಲಿ. ಆ ಬೆಳಗನ್ನು ನಾನು ಇನ್ನೂ ಪೂರ್ತಿ ದಾಟಿ ಬಂದಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಯಾರದೋ ಪಾಸ್‌ಬುಕ್ ಕೈಗೆ ತೆಗೆದುಕೊಂಡಾಗ, ಹೊಳಲ್ಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಅದು ತಾನಾಗಿ ಮೊದಲಿನಿಂದ ಶುರುವಾಗುತ್ತದೆ.

ಭಾವ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಅವರು ನಿವೃತ್ತರಾದ ಮೇಲೆ ಹಳೆಯ ಜೊತೆಗಾರರೊಬ್ಬರು ಕೊಚ್ಚಿಯಿಂದ ಹಡಗು ಹತ್ತಿ ದ್ವೀಪಗಳಿಗೆ ಹೋಗಿ ಬಂದು, ದಾರಿಯಲ್ಲಿ ಡಾಲ್ಫಿನ್‌ಗಳು ಹಡಗಿನ ಜೊತೆಗೇ ಈಜುತ್ತವೆ ಎಂದು ಹೇಳಿದರು. ಭಾವ ಅದನ್ನು ಮನೆಗೆ ತಂದು ಅಕ್ಕನಿಗೆ ಹೇಳಿದರು.

"ಜೊತೆಗೇ ಬರ್ತಾವಾ?" ಎಂದು ಕೇಳಿದಳಂತೆ ಅಕ್ಕ. "ಬಸ್ಸಿನ ಹಿಂದೆ ನಾಯಿ ಓಡಿ ಬಂದಂಗಾ?"

"ನಾಯಿ ಬೊಗಳಾಕೆ ಬರ್ತೈತೆ. ಇವು ಖುಷಿಗೆ ಬರ್ತಾವಂತೆ."

"ಖುಷಿಗೆ ಬರ್ತಾವಾ?" ಎಂದು ಅಕ್ಕ ಮತ್ತೆ ಕೇಳಿದಳಂತೆ. ಆಮೇಲೆ ವಾರಗಟ್ಟಲೆ ಅದೇ ಮಾತು. ನಾನು ಹೊಸದುರ್ಗಕ್ಕೆ ಅವರ ಮನೆಗೆ ಹೋದಾಗಲೆಲ್ಲ ರೊಟ್ಟಿ ತಟ್ಟುತ್ತ ತಟ್ಟುತ್ತ ನಿಲ್ಲಿಸಿ, "ಕೆಲಸ ಇಲ್ಲ, ಏನಿಲ್ಲ, ಸುಮ್ಕೆ ಖುಷಿಗೆ ಬರ್ತಾವಂತಲ್ಲೇ" ಎನ್ನುತ್ತಿದ್ದಳು.

ಅಕ್ಕ ಸಮುದ್ರ ನೋಡಿರಲಿಲ್ಲ. ನಮ್ಮದು ಕುರಿ ಸಾಕುವ ಮನೆ. ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಿದ ವರ್ಷಗಳಲ್ಲಿ ಅಕ್ಕ ಅಪ್ಪನ ಜೊತೆ ಕುರಿಗಳ ಹಿಂದೆ ಇದ್ದಳು. ಮದುವೆಯಾದ ಮೇಲೆ ಭಾವ ರೈಲಿನಲ್ಲಿ ಊರೂರು ಸುತ್ತಿದರು, ಅಕ್ಕ ಮನೆಯಲ್ಲಿದ್ದಳು. ಈಗ ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಇನ್ನೊಂದು ಮಂಜಾಗುತ್ತ ಬಂದಿತ್ತು. ದಪ್ಪ ಕನ್ನಡಕ. ಮೂವರೂ ಹೋಗುವುದೆಂದಾಗಿ ಹಡಗಿಗೆ ಹೆಸರು ಬರೆಸುವ ಹೊತ್ತಿಗೆ ಅವಳೇ ಹಿಂದೆ ಸರಿದಳು.

"ನೀವಿಬ್ರೂ ಹೋಗಿ ಬರ್ರಿ. ನಂಗೆ ಎದುರು ಮನೆ ಎಮ್ಮೆನೇ ಕಾಣಲ್ಲ, ಸಮುದ್ರದಾಗಿನ ಮೀನು ಕಾಣ್ತೈತಾ?"

"ಮೀನಲ್ಲ ಅಕ್ಕ ಅವು. ಮರಿಗೆ ಹಾಲು ಕೊಡ್ತಾವೆ" ಎಂದೆ ನಾನು.

"ಹಾಲು ಕೊಡ್ತಾವಾ!" ಎಂದಳು ಅಕ್ಕ. "ಹಂಗಾದ್ರೆ ನೋಡ್ಬೇಕಿತ್ತು ಕಣೆ."

ದುರ್ಬೀನು ಬೇಕು ಎಂದು ತೀರ್ಮಾನವಾದದ್ದು ಆಗ. ಅದು ಅಕ್ಕನಿಗಾಗಿಯೇ. ಅವಳಿಗೆ ಕಾಣದಿದ್ದರೆ ಹಡಗು ಹತ್ತುವುದರಲ್ಲಿ ನಮ್ಮಿಬ್ಬರಿಗೂ ಅರ್ಥವಿರಲಿಲ್ಲ.

ಅಂಗಡಿಯವನು ಭಾವನಿಗೆ ಗುರುತಿನವನು. ಗಾಜಿನ ಮೇಜಿನ ಮೇಲೆ ಎರಡನ್ನು ಇಟ್ಟ. ಒಂದು ಎಂಟು ಪಟ್ಟಿನದು, ಸಣ್ಣದು. ಇನ್ನೊಂದು ಇಪ್ಪತ್ತು ಪಟ್ಟಿನದು, ಎರಡು ಚೊಂಬು ಜೋಡಿಸಿಟ್ಟ ಹಾಗೆ ದಪ್ಪಗಿತ್ತು. ಭಾವ ಸಣ್ಣದನ್ನು ಮುಟ್ಟಲೇ ಇಲ್ಲ.

"ಇಪ್ಪತ್ತು ಇರೋವಾಗ ಎಂಟು ಯಾಕಪ್ಪ? ಸೀಟ್ ಖಾಲಿ ಇರೋವಾಗ ಯಾರಾದ್ರೂ ನಿಂತ್ಕಂಡು ಹೋಗ್ತಾರಾ?"

"ಸಾರ್, ಹಡಗು ನೆಟ್ಟಗೆ ನಿಲ್ಲಲ್ಲ. ಇಪ್ಪತ್ತರದ್ರಾಗೆ ನೋಡಿದ್ರೆ ಕೈ ನಡುಗೋದೂ ಇಪ್ಪತ್ತು ಪಟ್ಟಾಗ್ತೈತೆ."

"ನನ್ನ ಕೈ ನಡುಗಲ್ಲ ಬಿಡು. ಓಡೋ ಗಾಡಿಯಾಗೆ ನಿಂತು ಬಾವುಟ ತೋರ್ಸಿದ ಕೈ ಇದು."

"ಬಾವುಟಾನೂ ನಡುಗ್ತಿತ್ತು ಬಿಡ್ರಿ" ಎಂದಳು ಅಕ್ಕ. "ಗಾಳಿ ಅಂತ ಎಲ್ರೂ ಸುಮ್ಕಿದ್ರು."

ಅಂಗಡಿಯವನು ನಗು ತಡೆದುಕೊಂಡು ಅಕ್ಕನ ಕೈಗೆ ಒಂದೊಂದನ್ನಾಗಿ ಕೊಟ್ಟ. ಕಣ್ಣಿಟ್ಟು ನೋಡುವ ಕಡೆ ರಬ್ಬರಿನ ಅಂಚು ಇರುತ್ತದೆ. ಕನ್ನಡಕದವರು ಅದನ್ನು ಮಡಚಿಕೊಳ್ಳಬೇಕು. ಸಣ್ಣದರಲ್ಲಿ ಮಡಚಿದರೆ ಅಕ್ಕನಿಗೆ ಬಟ್ಟಲಗಲ ಕಾಣುತ್ತಿತ್ತು. ದೊಡ್ಡದರಲ್ಲಿ ಸೂಜಿಯ ತೂತಿನಲ್ಲಿ ಇಣುಕಿದ ಹಾಗೆ. ಆದರೆ ಅಂಗಡಿಯ ಬಾಗಿಲಲ್ಲಿ ನಿಂತು ಕೋಟೆಯ ಕಡೆ ತಿರುಗಿಸಿದಾಗ ಆ ತೂತಿನಲ್ಲೇ ಬತೇರಿಯ ಕಲ್ಲುಗಳ ನಡುವೆ ಹುಲ್ಲು ಅಲ್ಲಾಡುವುದು ಕಂಡಿತಂತೆ. ಅಷ್ಟಕ್ಕೇ ಅವಳಿಗೆ ದೊಡ್ಡದರ ಮೇಲೂ ಆಸೆ ಹುಟ್ಟಿತು. ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡಿದರು. ಓದಿದವಳು ಎಂದು.

"ಎರಡೂ ತಗಂಡೋಗ್ರಿ ಸಾರ್" ಎಂದ ಅಂಗಡಿಯವನು. "ನೀರಿನ ಮೇಲೆ ಹಿಡಿದು ನೋಡ್ರಿ. ಬ್ಯಾಡದ್ದನ್ನ ವಾಪಸ್ ಕೊಡ್ರಿ."

"ನೀರು ಎಲ್ಲೈತೆ?" ಎಂದಳು ಅಕ್ಕ.

"ಮಾರಿಕಣಿವೆ ತುಂಬೈತಲ್ಲ!" ಎಂದರು ಭಾವ. "ಹಡಗು ಇಲ್ದಿದ್ರೆ ತೆಪ್ಪ ಐತೆ. ನಡೀರಿ, ಭಾನುವಾರ ಹೋಗಾಣ."

ಹೀಗೆ ನಾವು ಹಿನ್ನೀರಿಗೆ ಹೋದೆವು. ಹೊಸದುರ್ಗದ ಕಡೆಯಿಂದ ಹೋದರೆ ನೀರು ಗುಡ್ಡಗಳ ಸಂದಿಯಲ್ಲಿ ನಾಲಗೆ ಚಾಚಿಕೊಂಡು ಒಳಗೆ ಬಂದಿರುತ್ತದೆ. ಹಿಂದಿನ ರಾತ್ರಿಯಿಂದ ಸೋನೆ ಹಿಡಿದಿತ್ತು, ಬೆಳಗ್ಗೆ ನಿಂತಿತ್ತು. ಮೀನು ಹಿಡಿಯುವವನೊಬ್ಬ ನಮ್ಮನ್ನು ತೆಪ್ಪಕ್ಕೆ ಹತ್ತಿಸಿಕೊಂಡ. ತೆಪ್ಪ ಎಂದರೆ ಗೊತ್ತಲ್ಲ, ದೊಡ್ಡ ಬುಟ್ಟಿ. ನೇರ ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ಭಾವ ಹತ್ತುವ ಮೊದಲೇ ದೊಡ್ಡ ದುರ್ಬೀನನ್ನು ಕೊರಳಿಗೆ ಹಾಕಿಕೊಂಡಿದ್ದರು. ನೀರಿನ ಮೇಲೆ ಹೋದ ತಕ್ಷಣ ಅದನ್ನೆತ್ತಿ, "ಆಹಾ" ಎಂದರು. ಆಮೇಲೆ, "ಎಲ್ಲಿ ಹೋಯ್ತಿದು" ಎಂದರು. ಕೊಕ್ಕರೆಯೊಂದನ್ನು ಹಿಡಿಯಲು ಹೋದರೆ ಕೊಕ್ಕರೆಯೂ ದಡವೂ ಆಕಾಶವೂ ಒಟ್ಟಿಗೆ ಕುಣಿಯುತ್ತಿದ್ದವಂತೆ.

"ನಿಮ್ ಕೈ ನಡುಗಲ್ಲ ಅಲ್ವೇನ್ರಿ" ಎಂದಳು ಅಕ್ಕ.

"ತೆಪ್ಪ ನಡುಗ್ತೈತೆ ಕಣೇ. ಏನಪ್ಪ, ನೆಟ್ಟಗೆ ಹಾಕು ಹುಟ್ಟು!"

"ಇದಕ್ಕಿಂತ ನೆಟ್ಟಗೆ ಬೇಕಂದ್ರೆ ಬಸ್ಸಿಗೇ ಹೋಗ್ಬೇಕು ಸ್ವಾಮಿ" ಎಂದ ತೆಪ್ಪದವನು.

ಎಲ್ಲರೂ ನಕ್ಕೆವು. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ. ಭಾವ ನಗುತ್ತಲೇ ಇನ್ನೊಮ್ಮೆ ದುರ್ಬೀನು ಎತ್ತಿ ಎದುರಿನ ದಡದ ಕಡೆ ಹಿಡಿದರು.

"ಅಲ್ಯಾರೋ ಕುಂತವ್ರೆ ನೋಡ್ರಿ. ಕುರಿಯೋರು."

ದಡದಿಂದ ಸ್ವಲ್ಪ ಮೇಲೆ, ಜಾಲಿ ಪೊದೆಗಳ ಆಚೆ, ಇಳಿಜಾರಿನಲ್ಲಿ ಕಪ್ಪಗೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಮಳೆ ಬಂದಾಗ ನಮ್ಮ ಕಡೆ ಕುರಿ ಕಾಯುವವರು ಕರಿಕಂಬಳಿಯ ಒಂದು ಮೂಲೆಯನ್ನು ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡು, ಉಳಿದದ್ದನ್ನು ಮೈಸುತ್ತ ಇಳಿಬಿಟ್ಟು ಕೂರುತ್ತಾರೆ. ದೂರದಿಂದ ನೋಡಿದರೆ ಮನುಷ್ಯ ಕಾಣುವುದಿಲ್ಲ, ಒಂದು ಕಪ್ಪು ಗುಪ್ಪೆ ಕಾಣುತ್ತದೆ. ಹುಟ್ಟಿದಾಗಿನಿಂದ ನಾವು ನೋಡಿರುವುದೇ ಅದನ್ನು. ನಾನು ದೊಡ್ಡ ದುರ್ಬೀನು ಇಸಿದುಕೊಂಡು ನೋಡಿದೆ. ಕಪ್ಪು ನಡುಗುತ್ತಿತ್ತು. ನಡುಗುವ ಕಪ್ಪಿನ ಮೇಲೆ ಕೊಪ್ಪೆಯ ಗುಬಟು. ಹೌದು, ಕುರಿಯವರೇ ಎಂದೆ. ತೆಪ್ಪದವನೂ ಕಣ್ಣಿಗೆ ಕೈ ಅಡ್ಡ ಹಿಡಿದು, "ಇತ್ಲಾಗೆ ಮೇಯ್ಸಾಕೆ ಬರ್ತಿರ್ತಾರೆ" ಎಂದ.

ಅಕ್ಕ ಯಾವ ದುರ್ಬೀನನ್ನೂ ಕೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಆ ಕಪ್ಪನ್ನೇ ನೋಡುತ್ತ ಹೇಳಿದಳು: "ಕುಂತಿರೋದು ಥೇಟ್ ನಮ್ಮಪ್ಪ ಕುಂತಂಗೇ ಐತೆ ಕಣೆ."

ಬುತ್ತಿ ತಂದಿದ್ದೆವು. ಆ ದಡದಲ್ಲೇ ಇಳಿದು ಉಣ್ಣುವುದು ಎಂದಾಯಿತು. ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಕುರಿ ಕಾಯುವವರ ಕಣ್ಣೆದುರಿಗೆ ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿ ಅವರಿಗೆ ಕೊಟ್ಟು ಬರಬೇಕು. ಅವರು ಮನೆಬಿಟ್ಟು ಬಂದವರು. ಚಿಕ್ಕವಳಿದ್ದಾಗ ಅಕ್ಕ ಗುಡ್ಡಕ್ಕೆ ಬುತ್ತಿ ಹೊತ್ತುಕೊಂಡು ಹೋಗಿ ದೂರದಿಂದಲೇ ಕರಿಕಂಬಳಿ ಗುರುತು ಹಿಡಿದು ಅಪ್ಪಾ ಎಂದು ಕೂಗುತ್ತಿದ್ದಳು. ಆಗ ಕಂಬಳಿಯೊಳಗಿಂದ ಒಂದು ಕೈ ಹೊರಗೆ ಬರುತ್ತಿತ್ತು.

ದಡಕ್ಕೆ ಬಂದೆವು. ಭಾವ ಮುಖ ತೊಳೆಯಲು ನೀರಿಗೆ ಬಗ್ಗಿದರು. ತೆಪ್ಪದವನು ಬೀಡಿ ಹಚ್ಚಿದ. ಅಕ್ಕ ಎರಡು ರೊಟ್ಟಿಯ ಮೇಲೆ ಕಡ್ಲೆಬೀಜದ ಚಟ್ನಿ ಇಟ್ಟು ಮಡಚಿಕೊಂಡು ಇಳಿಜಾರು ಹತ್ತಿದಳು. ನಾನು ತೆಪ್ಪದ ಅಂಚಿನಲ್ಲೇ ಕೂತಿದ್ದೆ. ಅಲ್ಲಿಯವರೆಗೂ ಚೀಲದಲ್ಲೇ ಇದ್ದ ಸಣ್ಣ ದುರ್ಬೀನನ್ನು ಆಗ ತೆಗೆದೆ. ಅಕ್ಕ ಹೋಗುವುದನ್ನು ಅದರಲ್ಲಿ ನೋಡೋಣ ಎನಿಸಿತು, ಅಷ್ಟೆ.

ನೀರಿನ ಮೇಲೆ ತೆಪ್ಪ ಅಲ್ಲಾಡುತ್ತಿದ್ದರೂ ಚಿತ್ರ ಅಲ್ಲಾಡಲಿಲ್ಲ. ಅಗಲವಾಗಿ, ಬೆಳಕಾಗಿ ಕಂಡಿತು. ಅಕ್ಕನ ಹಸಿರು ಸೀರೆ, ಜಡೆ, ಹಿಮ್ಮಡಿಗೆ ಮೆತ್ತಿದ ಕೆಂಪು ಮಣ್ಣು. ಅದೇ ವೃತ್ತದಲ್ಲಿ, ಅವಳ ಭುಜದ ಪಕ್ಕದಲ್ಲಿ, ಕಂಬಳಿ. ಕಂಬಳಿಗೆ ಕೂದಲಿತ್ತು. ಒದ್ದೆಯಾಗಿ ಗಂಟುಗಂಟಾಗಿ ಜೋತುಬಿದ್ದ ಕೂದಲು. ಅದು ಹುತ್ತಕ್ಕೆ ಮುಖ ಇಟ್ಟು ಕೆರೆಯುತ್ತಿತ್ತು. ಬೆನ್ನ ಮೇಲಿನ ಕೊಪ್ಪೆಯ ಗುಬಟು ಅಲುಗಾಡಿತು. ಅದಕ್ಕೆ ಎರಡು ಕಿವಿ ಇದ್ದವು. ಮರಿ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕರಡಿ.

"ಏನಣ್ಣಾ, ಉಂಡ್ಯಾ?" ಎಂದು ಅಕ್ಕ ಕೂಗಿದ್ದು ಕೇಳಿಸಿತು. ಪ್ರೀತಿಯಿಂದ ಕೂಗಿದಳು. ಆ ದನಿ ಈಗಲೂ ಕೇಳಿಸುತ್ತದೆ.

ನನ್ನ ಮುಖ ನೋಡಿ ತೆಪ್ಪದವನು ಎದ್ದು ಆ ಕಡೆ ದಿಟ್ಟಿಸಿದ. ಬೀಡಿ ನೀರಿಗೆ ಬಿತ್ತು. ಭಾವ ಇನ್ನೂ ಮುಖ ಒರೆಸಿಕೊಳ್ಳುತ್ತಿದ್ದರು. ಅವನು ಅವರ ತೋಳು ಹಿಡಿದು, "ಕರಡಿ ಸ್ವಾಮಿ, ಕೂಗ್ಬ್ಯಾಡ್ರಿ" ಎಂದು ಪಿಸುಗುಟ್ಟಿದ. ಭಾವ ಕೂಗಲಿಲ್ಲ. ಮುಖ ಒರೆಸುತ್ತಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡರು.

ಅಕ್ಕ ಇನ್ನೂ ನಡೆಯುತ್ತಿದ್ದಳು. ಕರಡಿ ಹುತ್ತದೊಳಗೆ ಮೂತಿ ಹಾಕಿ ಗೆದ್ದಲು ಹೀರುತ್ತಿತ್ತು. ಹೀರುವ ಸದ್ದಿಗೆ ಅದಕ್ಕೆ ಬೇರೆ ಏನೂ ಕೇಳಿಸಿರಲಿಕ್ಕಿಲ್ಲ. ಗಾಳಿ ಗುಡ್ಡದಿಂದ ನೀರಿನ ಕಡೆ ಇತ್ತು. ಇವನ್ನೆಲ್ಲ ನಾನು ಆಮೇಲೆ ಕೂತು ಜೋಡಿಸಿಕೊಂಡದ್ದು. ಆಗ ನನಗೆ ಗೊತ್ತಿದ್ದದ್ದು ಒಂದೇ: ಆ ವೃತ್ತದಲ್ಲಿ ಅಕ್ಕನಿಗೂ ಅದಕ್ಕೂ ನಡುವೆ ಜಾಗವಿರಲಿಲ್ಲ. ಹಸಿರೂ ಕಪ್ಪೂ ಒಂದಕ್ಕೊಂದು ತಾಗಿಕೊಂಡಿದ್ದವು. ಅವಳು ರೊಟ್ಟಿಯ ಕೈ ಮುಂದೆ ಚಾಚಿದರೆ ಕೂದಲಿಗೇ ತಾಗುತ್ತದೆ ಎನ್ನುವಷ್ಟು.

ಅವಳು ನಿಂತಳು.

ಬಲಕ್ಕೆ ತಿರುಗಿ ನೋಡಿದಳು. ಎಡಕ್ಕೆ ತಿರುಗಿ ನೋಡಿದಳು. ಯಾಕೆ ನಿಂತಳೋ, ಏನು ಹುಡುಕುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಆಮೇಲೆ ಅವಳೇ ಹೇಳಿದಳು. ಕುರಿ ಹುಡುಕುತ್ತಿದ್ದಳಂತೆ. "ಇಷ್ಟ್ ಹತ್ರ ಬಂದ್ರೂ ಒಂದು ಮರಿ ಬ್ಯಾ ಅನ್ಲಿಲ್ಲ, ಹಿಕ್ಕೆ ವಾಸ್ನೆನೂ ಬರ್ಲಿಲ್ಲ. ಕುರಿ ಇಲ್ದೆ ಕುರಿಯೋನು ಎಲ್ಲಿಂದ ಬಂದ ಅನ್ನಿಸ್ತು ಕಣೆ." ನಾವು ಮೂವರು ದುರ್ಬೀನು ಹಿಡಿದೂ, ಕಣ್ಣಿಗೆ ಕೈ ಅಡ್ಡ ಹಿಡಿದೂ ಆ ಒಂದು ಕಪ್ಪನ್ನೇ ನೋಡಿದ್ದೆವು. ಸುತ್ತ ಇಡೀ ಗುಡ್ಡದಲ್ಲಿ ಒಂದು ಕುರಿಯೂ ಇಲ್ಲದಿರುವುದು ಯಾರಿಗೂ ಕಂಡಿರಲಿಲ್ಲ.

ಕರಡಿ ಮೂತಿ ಎತ್ತಿತು. ಮಣ್ಣು ಮೆತ್ತಿದ ಬಿಳಿಚು ಮೂತಿ. ಎರಡು ಕಾಲ ಮೇಲೆ ಎದ್ದು ನಿಂತಿತು. ಮರಿ ಜಾರಿ ಕೆಳಗೆ ಬಿದ್ದು ಅದರ ಹಿಂದೆ ಸೇರಿಕೊಂಡಿತು. ಅಕ್ಕ ರೊಟ್ಟಿಯನ್ನು ಪಕ್ಕದ ಬಂಡೆಯ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಆಮೇಲೆ ಬೆನ್ನು ತೋರಿಸದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಕರಡಿ ಒಂದು ಸಲ ಗದರಿಸಿ ನಾಲ್ಕು ಕಾಲಿನಲ್ಲಿ ಮುನ್ನುಗ್ಗಿತು. ದುರ್ಬೀನಿನಲ್ಲಿ ಅಕ್ಕನ ಮೈಮೇಲೇ ಬಿತ್ತು. ಬಿತ್ತು ಎಂದೇ ನಾನು ನೋಡಿದೆ. ಅದು ಬೀಳಲಿಲ್ಲ, ನಿಂತಿತು, ಎಂದು ಉಳಿದವರು ಹೇಳುತ್ತಾರೆ. ನಾನು ಕಣ್ಣಿನಿಂದ ದುರ್ಬೀನು ತೆಗೆಯಲೇ ಇಲ್ಲ. ತೆಗೆದರೆ ಅವಳು ಇರುವುದಿಲ್ಲ ಎನಿಸುತ್ತಿತ್ತು. ಹಸಿರು ಸೀರೆ ದೊಡ್ಡದಾಗುತ್ತ ದೊಡ್ಡದಾಗುತ್ತ ವೃತ್ತವನ್ನೆಲ್ಲ ತುಂಬಿ ಮಂಜುಮಂಜಾದಾಗಲೇ ನನಗೆ ಗೊತ್ತಾದದ್ದು, ಅವಳು ದುರ್ಬೀನಿಗೂ ಕಾಣದಷ್ಟು ಹತ್ತಿರ ಬಂದಿದ್ದಾಳೆ ಎಂದು.

ಎಲ್ಲರನ್ನೂ ಹತ್ತಿಸಿಕೊಂಡು ತೆಪ್ಪದವನು ನಡುನೀರಿನವರೆಗೆ ಹುಟ್ಟು ಹಾಕಿದ. ಭಾವ ಅಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಅಕ್ಕನೇ ಮೊದಲು ಬಾಯಿ ತೆಗೆದಳು.

"ಅಣ್ಣಾ ಅಂದ್ನಲ್ಲೇ ಅದನ್ನ."

ನಗಲು ಹೋದಳು, ಹಲ್ಲು ಕಟಕಟ ಎಂದವು. ತೆಪ್ಪದವನು ತನ್ನ ಟವೆಲ್ ಕೊಟ್ಟ, ಅದನ್ನು ಹೊದ್ದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಮರಿ ಬೆನ್ನಿಗೆ ಹಾಕ್ಕಂಡು ಹೊಟ್ಟೆಪಾಡು ಮಾಡ್ತಿತ್ತು, ಪಾಪ. ನಾನೋಗಿ ಹೆದರ್ಸಿಬಿಟ್ಟೆ" ಎಂದಳು.

ಅಕ್ಕನಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಫೋನು ಮಾಡಿದಾಗಲೆಲ್ಲ ನಾನು ಕೇಳುತ್ತಿದ್ದೆ: ಎಷ್ಟು ದೂರ ಇತ್ತು ಅಕ್ಕ? ಅವಳು ಒಂದೇ ಉತ್ತರ ಕೊಡುತ್ತಿದ್ದಳು. "ನಮ್ಮಪ್ಪನ ಮನೆ ಅಂಗಳದಷ್ಟು. ಕುರಿದೊಡ್ಡಿ ಬಾಗ್ಲಿಂದ ಜಗಲಿ ತನಕ." ನಾನು ಒಪ್ಪುತ್ತಿರಲಿಲ್ಲ. ನಾನು ನೋಡಿದ್ದೇನೆ, ನಡುವೆ ಗೇಣೂ ಇರಲಿಲ್ಲ, ಎನ್ನುತ್ತಿದ್ದೆ.

"ಲೇ, ಅಲ್ಲಿ ಇದ್ದೋಳು ನಾನಾ ನೀನಾ?"

"ನೋಡಿದ್ದು ನಾನು."

"ನೀನೇ ನೋಡ್ದೆ ಬಿಡವ್ವ" ಎಂದು ಫೋನಿಡುತ್ತಿದ್ದಳು.

ದುರ್ಬೀನು ವಾಪಸ್ ಕೊಡುವ ದಿನ ನಾನು ಎರಡನ್ನೂ ಕೊಟ್ಟುಬಿಡೋಣ ಎಂದೆ. ಹಡಗೂ ಬೇಡ ಎಂದೆ. ಅಲೆ, ಹಡಗಿನ ಅಂಚಿನ ಕಂಬಿ, ಆಳದ ನೀರು, ಕಾಣದ ಕಣ್ಣು, ಎಲ್ಲವನ್ನೂ ಮುಂದಿಟ್ಟೆ. ಭಾವ ಮೊದಲ ಸಲ ನನ್ನ ಮಾತಿಗೆ ಹ್ಞೂಂಗುಟ್ಟಿದರು. ಅವರೂ ಒಳಗೊಳಗೇ ಇಳಿದುಹೋಗಿದ್ದರು. ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ನನ್ನ ಕಣ್ಣು ಇನ್ನೆಷ್ಟು ದಿನ ಇರ್ತೈತೋ ಗೊತ್ತಿಲ್ಲ" ಎಂದಳು. ಕೋಪವಿರಲಿಲ್ಲ. "ಖುಷಿಗೆ ಬರೋ ಪ್ರಾಣಿ ಒಂದೈತೆ ಅಂತ ನೀವೇ ಹೇಳಿದ್ರಿ. ಅದನ್ನ ನೋಡ್ಬೇಕು ನಾನು. ನೀವು ಹೆದರಿದ್ರೆ ಮನೇಲಿರ್ರಿ. ಆ ಸಣ್ಣದು ನನ್ನ ಕೈಗೆ ಕೊಡ್ರಿ."

ಭಾವ ಕೊರಳಿನಿಂದ ದೊಡ್ಡದನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯವನು ಸಹಜವಾಗಿ, "ಯಾಕ್ಸಾರ್, ನಡುಗ್ತಾ?" ಎಂದು ಕೇಳಿದ.

"ನಡುಗ್ತು ಕಣಪ್ಪ" ಎಂದರು ಭಾವ.

ಹಡಗಿನಲ್ಲಿ ಮೂರೂ ಜನ ಇದ್ದೆವು. ಮೊದಲ ದಿನ ಭಾವನಿಗೆ ವಾಂತಿ, ಮಲಗಿಬಿಟ್ಟರು. ಗೂಡ್ಸ್ ಗಾಡಿ ಇಷ್ಟು ಅಲ್ಲಾಡುತ್ತಿರಲಿಲ್ಲ ಎಂದು ಗೊಣಗುತ್ತಿದ್ದರು. ಅಕ್ಕ ಬೆಳಗಾಗುವ ಮೊದಲೇ ಮೇಲಿನ ಅಟ್ಟಕ್ಕೆ ಹೋಗಿ ಕಂಬಿಯ ಪಕ್ಕ ನಿಲ್ಲುವಳು. ರಬ್ಬರಿನ ಅಂಚು ಮಡಚಿ, ಮೊಣಕೈ ಎರಡನ್ನೂ ಕಂಬಿಗೆ ಊರಿ, ಕುರಿ ಎಣಿಸುವವಳ ತಾಳ್ಮೆಯಲ್ಲಿ ನೀರನ್ನು ಎಡದಿಂದ ಬಲಕ್ಕೆ ನೋಡುತ್ತ ಬರುವಳು. ನಾನು ಅವಳ ಹಿಂದೆ, ಗೋಡೆಗೆ ಒರಗಿ ಬೆಂಚಿನ ಮೇಲೆ. ಕಂಬಿಯ ಹತ್ತಿರ ಹೋಗಲು ನನ್ನ ಕಾಲು ಒಪ್ಪುತ್ತಿರಲಿಲ್ಲ. ದುರ್ಬೀನನ್ನಂತೂ ಹಿನ್ನೀರಿನ ಆ ಬೆಳಗಿನಿಂದ ಮುಟ್ಟಿರಲಿಲ್ಲ.

ಮೂರನೆಯ ದಿನ ಬಿಸಿಲೇರುವ ಮುಂಚೆ ಅಕ್ಕ, "ಬಂದ್ವು" ಎಂದಳು. ಮೆಲ್ಲಗೆ ಹೇಳಿದಳು, ಮನೆಗೆ ನೆಂಟರು ಬಂದ ಹಾಗೆ.

ನನಗೆ ಬರಿಯ ನೀರು ಕಾಣುತ್ತಿತ್ತು. ಅವಳಿಗೆ ಕಾಣುತ್ತಿತ್ತು. "ಒಂದು, ಅದರ ಪಕ್ಕ ಇನ್ನೊಂದು. ಅಯ್ಯೋ, ಎಗರ್ತಾವೆ ಕಣೆ! ಮರಿನೂ ಐತೆ. ಅವ್ವನ ಪಕ್ಕೆಗೇ ಅಂಟ್ಕಂಡು ಬರ್ತೈತೆ, ಬಾರೇ!" ಸ್ವಲ್ಪ ಹೊತ್ತಿಗೆ ಅವು ಹಡಗಿನ ಕಡೆಗೇ ತಿರುಗಿದವು. ಅಕ್ಕ ಕೊರಳಿನಿಂದ ಪಟ್ಟಿ ತೆಗೆದು ಹಿಂದೆ ಬಂದು ನನ್ನ ಕೊರಳಿಗೆ ಹಾಕಿ, ಮತ್ತೆ ಕಂಬಿಗೆ ಓಡಿದಳು.

ನಾನು ಎತ್ತಿದೆ. ಕೂತಲ್ಲಿಂದಲೇ. ವೃತ್ತದಲ್ಲಿ ಮೊದಲು ಬಂದದ್ದು ಅಕ್ಕನ ಜಡೆ. ಅದರ ಪಕ್ಕದಲ್ಲೇ, ಭುಜಕ್ಕೆ ತಾಗಿದಂತೆ, ಕಪ್ಪಗೆ ಹೊಳೆಯುವ ಒಂದು ಬೆನ್ನು ನೀರಿನಿಂದ ಎದ್ದಿತು. ನಡುವೆ ಜಾಗವಿರಲಿಲ್ಲ. ಅವತ್ತಿನ ಹಾಗೆಯೇ. ಎಂಟು ಪಟ್ಟಿನದರಲ್ಲೂ ಈ ಸಲ ಚಿತ್ರ ಕುಣಿಯಿತು.

ಅಕ್ಕ ತಿರುಗಿ ನೋಡಿದಳು. ಅವಳ ಮುಖ ವೃತ್ತದ ತುಂಬ ಬಂತು.

"ಲೇ, ನಾನೇನು ಡಾಲ್ಫಿನ್ನಾ? ನನ್ನ ಯಾಕೆ ನೋಡ್ತಿ?" ಎಂದಳು. ಆಮೇಲೆ ನಗು ನಿಲ್ಲಿಸಿ, "ಇಳ್ಸು ಅದನ್ನ. ಇಳ್ಸಿ ನೋಡು, ಅವು ಎಲ್ಲಿ ಅವೆ, ನಾನೆಲ್ಲಿದೀನಿ" ಎಂದಳು.

ಇಳಿಸಿದೆ. ಅಕ್ಕ ಕಂಬಿಯ ಈಚೆ ಇದ್ದಳು. ಕಂಬಿಯಿಂದ ಕೆಳಗೆ ಹಡಗಿನ ಬಿಳಿ ಗೋಡೆ ಇಳಿದು ಹೋಗಿತ್ತು. ಅದರಾಚೆ ನೊರೆ, ನೊರೆಯಾಚೆ ನೀಲಿ ನೀರು, ಅದರಾಚೆ ಅವು. ನಡುವೆ ಎಷ್ಟೊಂದು ಜಾಗವಿತ್ತು.

ನಾನು ಎದ್ದು ಹೋಗಿ ಅವಳ ಪಕ್ಕ ಕಂಬಿ ಹಿಡಿದು ನಿಂತೆ.

"ಅಂಗಳದಷ್ಟು ಇತ್ತಾ ಅವತ್ತು?" ಎಂದು ಕೇಳಿದೆ.

"ಅಂಗಳದಷ್ಟು ಇತ್ತು" ಎಂದಳು ಅಕ್ಕ, ನೀರಿನಿಂದ ಕಣ್ಣು ತೆಗೆಯದೆ.